ಮನಸ್ಸಿನ ಮಾತಿಗೆ ಯಾವ ಚಿಹ್ನೆ?

ಎಲ್ಲರಿಗೂ ನಮಸ್ಕಾರ. ಈ ವಾರ ನೀವು ಹಾಕಿದ ಪ್ರಬಂಧಗಳನ್ನು ಓದಿದೆ. ಜಾಸ್ತಿ ಜನ ಎಡವಿದ್ದು ಒಂದೇ ಕಡೆ. ಬಾಯಿಬಿಟ್ಟು ಆಡಿದ ಮಾತು ಯಾವುದು, ಮನಸ್ಸಲ್ಲೇ ಅಂದುಕೊಂಡದ್ದು ಯಾವುದು ಗೊತ್ತಾಗುವುದಿಲ್ಲ. ಒಂದು ಬರಹದಲ್ಲಿ “ಇವರು ಯಾವಾಗ ಎದ್ದು ಹೋಗ್ತಾರೋ” ಅಂತ ಇತ್ತು. ನೆಂಟರ ಮುಖಕ್ಕೇ ಹೇಳಿಬಿಟ್ಟರಾ ಅಂತ ಗಾಬರಿಯಾಯಿತು!

ಜೋಡಿ ಉದ್ಧರಣ ಚಿಹ್ನೆ ಆಡಿದ ಮಾತಿಗೆ ಮಾತ್ರ ಇರಲಿ. ಮನಸ್ಸಿನ ಮಾತಿಗೆ ಒಂಟಿ ಚಿಹ್ನೆ ಸಾಕು. ಎಷ್ಟೋ ಸಲ ಅದೂ ಬೇಡ. ನಮ್ಮಲ್ಲಿ ‘ಅಂತ’, ‘ಎಂದು’, ‘ಅಂದುಕೊಂಡೆ’ ಇವೆಯಲ್ಲ, ಅವೇ ಆ ಕೆಲಸ ಮಾಡುತ್ತವೆ. ನೋಡಿ: ಇವರು ಯಾವಾಗ ಎದ್ದು ಹೋಗ್ತಾರೋ ಅಂದುಕೊಳ್ಳುತ್ತಲೇ ಇನ್ನೊಂದು ಲೋಟ ಕಾಫಿ ತಂದುಕೊಟ್ಟೆ. ಗೊಂದಲವೇ ಇಲ್ಲ, ಅಲ್ವಾ? ಆದರೆ ಯೋಚನೆ ಎರಡು ಮೂರು ವಾಕ್ಯದಷ್ಟು ಉದ್ದವಾದರೆ ಚಿಹ್ನೆ ಹಾಕಿ. ಇಲ್ಲದಿದ್ದರೆ ಅದು ಎಲ್ಲಿ ಶುರುವಾಯಿತು ಅಂತ ಓದುವವರು ಹಿಂದೆ ಹೋಗಿ ಹುಡುಕಬೇಕು.

ಓರೆ ಅಕ್ಷರ ಮಾತ್ರ ದಯವಿಟ್ಟು ಬೇಡ. ನಮ್ಮ ದುಂಡು ಅಕ್ಷರ ವಾಲಿದರೆ ಮೊಬೈಲಿನಲ್ಲಿ ಓದೋದೇ ಕಷ್ಟ. ಸುಮ್ನೆ ಸಾಲುಗಟ್ಟಲೆ ಚುಕ್ಕಿ ಇಡುವುದೂ ಬೇಡ, ಮೂರು ಸಾಕು.

ತಿದ್ದಿದ ಪ್ರತಿಯನ್ನು ಭಾನುವಾರ ಸಂಜೆಯೊಳಗೆ ಇಲ್ಲೇ ಹಾಕಿ.