ಕೈಯಲ್ಲಿ ಕಟ್ಟಿಸಿದ ಮೌಂಟನ್ ಬೈಕ್ ಫ್ರೇಮ್ ನಕ್ಷೆಯಂತಿಲ್ಲ: ತಯಾರಕರಿಗೆ ದೂರು ಪತ್ರ

ಶಿರಸಿ, ಉತ್ತರ ಕನ್ನಡ

ಗೆ,
ಮಾಲೀಕರು,
ಸೈಕಲ್ ಫ್ರೇಮ್ ತಯಾರಿಕಾ ಘಟಕ,
ಬೆಂಗಳೂರು

ವಿಷಯ: ಒಪ್ಪಿದ ನಕ್ಷೆಯಂತಿಲ್ಲದ ಫ್ರೇಮನ್ನು ವಾಪಸ್ ಪಡೆದು ಹೊಸದು ಕಟ್ಟಿಕೊಡುವ ಬಗ್ಗೆ

ಮಾನ್ಯರೇ,

ನೀವು ಕಳಿಸಿದ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು) ಫ್ರೇಮ್ ಕೈಸೇರಿದೆ. ಅದರ ಹಿಂದಿನ ತ್ರಿಕೋನ, ಅಂದರೆ ಹಿಂದಿನ ಚಕ್ರ ಹಿಡಿಯುವ ಭಾಗ, ಎಡಕ್ಕೆ ಸರಿದಿದೆ. ಫೋನ್ ಮಾಡಿದಾಗ, "ಕೈಯಲ್ಲಿ ಮಾಡಿದ್ದಕ್ಕೆ ಅಷ್ಟಿಷ್ಟು ವ್ಯತ್ಯಾಸ ಇದ್ದೇ ಇರುತ್ತೆ, ಮೊದಲು ಚಕ್ರ ನೋಡಿಸಿ" ಎಂದಿರಿ. ನೋಡಿಸಿದೆ. ಗೆಳೆಯನ ಸೈಕಲಿನ ಅದೇ ಅಳತೆಯ ಚಕ್ರ ಹಾಕಿದರೂ ಟಯರು ಎಡಕ್ಕೇ ಹೋಗುತ್ತದೆ. ಹಿಂದಿನ ಚಕ್ರದ ಆಕ್ಸಲ್ ಕೂರುವ ಒಂದು ಡ್ರಾಪ್‌ಔಟಿನಿಂದ ದಾರ ಎಳೆದು, ಮುಂದಿನ ಫೋರ್ಕ್ ಕೂರುವ ಹೆಡ್ ಟ್ಯೂಬ್ ಸುತ್ತಿಸಿ, ಇನ್ನೊಂದು ಡ್ರಾಪ್‌ಔಟಿಗೆ ಕಟ್ಟಿದೆ. ಸೀಟಿನ ಕೆಳಗಿನ ಸೀಟ್ ಟ್ಯೂಬಿನಿಂದ ದಾರಕ್ಕಿರುವ ಅಂತರ ಎರಡೂ ಬದಿ ಒಂದೇ ಇರಬೇಕಿತ್ತು, 4 ಮಿ.ಮೀ. ವ್ಯತ್ಯಾಸ ಬಂತು. ಫೋಟೊಗಳನ್ನು ಲಗತ್ತಿಸಿದ್ದೇನೆ.

ಕಡಿಮೆ ದುಡ್ಡಿಗೆ ಸಿಗುವ ಫ್ರೇಮ್ ಬಿಟ್ಟು ನಿಮ್ಮಲ್ಲಿಗೆ ಬಂದ ಕಾರಣ ನಿಮಗೆ ಗೊತ್ತಿದೆ. ನನಗೆ ಕಾಲು ಗಿಡ್ಡ, ಮೈ ಉದ್ದ. ಅಂಗಡಿಯ ಮೀಡಿಯಂ ಏರಿದರೆ ಬೆನ್ನು ಮುದುಡುತ್ತದೆ, ಲಾರ್ಜ್ ಏರಿದರೆ ಕಡಿದಾದಲ್ಲಿ ಕಾಲು ನೆಲಕ್ಕೆ ಎಟುಕುವುದಿಲ್ಲ. ಒಳಗಾಲು, ತೋಳು, ಭುಜ ಎಲ್ಲ ಅಳೆಯಿಸಿ ನೀವೇ ನಕ್ಷೆ ಬರೆದಿರಿ: ಹೆಡ್ ಆಂಗಲ್ (ಹೆಡ್ ಟ್ಯೂಬಿನ ಓರೆ) 65.5 ಡಿಗ್ರಿ, ಚೈನ್‌ಸ್ಟೇ (ಪೆಡಲಿನ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆ) 435 ಮಿ.ಮೀ., ಹಿಂದಿನ ಆಕ್ಸಲ್ 148 ಮಿ.ಮೀ., 29 ಇಂಚಿನ ಚಕ್ರಕ್ಕೆ 2.4 ಇಂಚಿನ ಟಯರು, ಟಯರಿನ ಎರಡೂ ಬದಿ 6 ಮಿ.ಮೀ. ಜಾಗ. ಆ ಕಾಗದಕ್ಕೆ ಇಬ್ಬರೂ ಸಹಿ ಹಾಕಿದ್ದೇವೆ. ಕೈಯಲ್ಲಿ ಕಟ್ಟಿಸುವುದೇ ಅಳತೆ ತಪ್ಪಬಾರದೆಂದು. ಅಳತೆ ತಪ್ಪಿದ್ದಕ್ಕೆ ಕೈಕೆಲಸವನ್ನೇ ನೆಪ ಮಾಡಿದರೆ ಹೇಗೆ?

ಈಗ ಎಡಗಡೆ ಉಳಿದಿರುವುದು 3 ಮಿ.ಮೀ. ಮಾತ್ರ. ಇಲ್ಲಿಯ ಸೊಪ್ಪಿನ ಬೆಟ್ಟದ ದಾರಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದರಕು (ಒಣಗಿದ ಎಲೆ) ಬೆರೆತ ಕೆಂಪು ರಾಡಿ ಟಯರಿಗೆ ಮೆತ್ತಿಕೊಳ್ಳುತ್ತದೆ. ಇಷ್ಟು ಕಿರಿದಾದ ಸಂದಿನಲ್ಲಿ ಅದು ಪಾಲಿಶ್ ಕಾಗದದಂತೆ ಚೈನ್‌ಸ್ಟೇಯನ್ನು ಉಜ್ಜುತ್ತದೆ. ಬಣ್ಣ ಹೋದ ಉಕ್ಕು ನಮ್ಮ ಮಳೆಗೆ ತುಕ್ಕು ಹಿಡಿಯಲು ಎಷ್ಟು ಹೊತ್ತು ಬೇಕು? ಒಳಗಿನಿಂದ ತುಕ್ಕು ಹಿಡಿಯದಿರಲೆಂದು ಪೆಡಲಿನ ಆಕ್ಸಲ್ ಕೂರುವ ಬಿಬಿ ಶೆಲ್ಲಿನ ತಳದಲ್ಲಿ ನೀರು ಬಸಿಯುವ ತೂತು ಕೇಳಿದ್ದೆ, ನಕ್ಷೆಯಲ್ಲೂ ಇದೆ. ಅದನ್ನು ಕೊರೆದೇ ಇಲ್ಲ.

ಇದಕ್ಕಿಂತ ಹೆಚ್ಚು ಕಳವಳ ತಂದಿರುವುದು ಹೆಡ್ ಟ್ಯೂಬಿನ ಹತ್ತಿರದ ವೆಲ್ಡಿಂಗ್. ಅಲ್ಲಿಂದ ಪೆಡಲಿನ ಕಡೆಗೆ ಇಳಿಯುವ ಡೌನ್ ಟ್ಯೂಬ್ ಸೇರುವಲ್ಲಿ, ಕೆಳಬದಿಗೆ, ಬಣ್ಣದಡಿ ಗ್ರೈಂಡರ್ ಗೆರೆಗಳು ಬೆಳಕಿಗೆ ಹಿಡಿದರೆ ಕಾಣುತ್ತವೆ. ಅಲ್ಲಿ ಟ್ಯೂಬಿನ ಗೋಡೆಯೇ ಒಂದು ಮಿ.ಮೀ. ದಪ್ಪವಿಲ್ಲ. ವೆಲ್ಡ್ ನುಣುಪಾಗಲೆಂದು ಉಜ್ಜುವಾಗ ಪಕ್ಕದ ಲೋಹವೂ ಸವೆದಿದ್ದರೆ, ಬಿರುಕು ಶುರುವಾಗುವುದು ಅಲ್ಲಿಂದಲೇ. ದೇವಿಮನೆ ಘಾಟಿ ಇಳಿಯುವಾಗ ಮುಂದಿನ ಬ್ರೇಕ್ ಹಿಡಿದರೆ ಹೊರೆಯೆಲ್ಲ ಬೀಳುವುದೂ ಆ ಜೋಡಣೆಯ ಮೇಲೇ. ಇದು ಚಂದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಈ ಫ್ರೇಮಿನ ಮೇಲೆ ನಾನು ಘಾಟಿ ಇಳಿಯುವುದಿಲ್ಲ.

"ಊರಿನ ಸೈಕಲ್ ಅಂಗಡಿಯಲ್ಲಿ ಸ್ವಲ್ಪ ಬಗ್ಗಿಸಿಕೊಳ್ಳಿ" ಎಂಬ ನಿಮ್ಮ ಸಲಹೆಯನ್ನು ಒಪ್ಪಲಾರೆ. ಉಕ್ಕಿನ ಫ್ರೇಮನ್ನು ಬಗ್ಗಿಸಿ ಸರಿಮಾಡುವುದುಂಟು, ನಿಜ. ಅದು ಕಟ್ಟಿದವರು ಸಮತಟ್ಟು ಮೇಜಿನ ಮೇಲೆ ಅಳೆಯುತ್ತ, ಬಣ್ಣಕ್ಕೆ ಮೊದಲೇ ಮುಗಿಸಬೇಕಾದ ಕೆಲಸ. ಥ್ರೂ ಆಕ್ಸಲಿನ (ಒಂದು ಬದಿಯಿಂದ ತೂರಿಸಿ ಇನ್ನೊಂದು ಬದಿಗೆ ತಿರುಗಿಸಿ ಬಿಗಿಯುವ ಆಕ್ಸಲ್) ಡ್ರಾಪ್‌ಔಟುಗಳು ಒಂದಕ್ಕೊಂದು ಸಮಾನಾಂತರ ಉಳಿಯಬೇಕು. ಅದನ್ನು ನೋಡುವ ಗೇಜ್ ಇಲ್ಲಿಯ ಅಂಗಡಿಗಳಲ್ಲಿಲ್ಲ. ಪಂಕ್ಚರ್ ಹಾಕಿ ಬದುಕುವ ಹುಡುಗರ ಮೇಲೆ ನಿಮ್ಮ ಜವಾಬ್ದಾರಿ ಹೊರಿಸಬೇಡಿ.

ನಾನು ಕೇಳುವುದಿಷ್ಟು. ಫ್ರೇಮನ್ನು ನಿಮ್ಮ ಖರ್ಚಿನಲ್ಲೇ ತರಿಸಿಕೊಂಡು, ಅದೇ ನಕ್ಷೆಗೆ ಹೊಸದು ಕಟ್ಟಿಕೊಡಿ. ಬಣ್ಣ ಬಳಿಯುವ ಮೊದಲು ವೆಲ್ಡಿಂಗಿನ ಫೋಟೊ ಮತ್ತು ಅಳತೆಗಳನ್ನು ನನಗೆ ಕಳಿಸಿ. ಆಗದಿದ್ದರೆ ಪೂರ್ತಿ ಹಣ ಮರಳಿಸಿ. ಹಳೆಯ ಫ್ರೇಮಿಗೆ ತೇಪೆ ಹಾಕಿ ಮತ್ತೆ ಬಣ್ಣ ಬಳಿದು ಕಳಿಸಿದರೆ ತೆಗೆದುಕೊಳ್ಳುವುದಿಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬೇಕು. ಬಾರದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ನಕ್ಷೆ, ರಸೀದಿ, ನಮ್ಮ ಸಂದೇಶಗಳು ಎಲ್ಲ ನನ್ನ ಬಳಿ ಇವೆ. ಫ್ರೇಮನ್ನು ನೀವು ಕಳಿಸಿದ ಪೆಟ್ಟಿಗೆಯಲ್ಲೇ ತುಂಬಿ ಇಟ್ಟಿದ್ದೇನೆ. ಯಾವ ದಿನ ಜನ ಕಳಿಸುತ್ತೀರೆಂದು ಮೊದಲೇ ತಿಳಿಸಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಸಹಿ ಮಾಡಿದ ನಕ್ಷೆಯ ಪ್ರತಿ, ರಸೀದಿ, ಫೋಟೊಗಳು