ಗುಡ್ಡ ಹತ್ತಿಸುವ ಮುಂಚೆ ನಮ್ಮ ಮಕ್ಕಳನ್ನು ಎಣಿಸಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕೊಪ್ಪಳ

ನಮಸ್ಕಾರ. ನಾನು ಗಂಗಾವತಿಯವಳು, ಆರನೇ ಕ್ಲಾಸಿನ ಹುಡುಗಿಯ ತಾಯಿ. ಮಕ್ಕಳನ್ನು ಹೊರಗೆ ಕರೆದೊಯ್ಯುವಾಗ ಜೋಪಾನ ಮಾಡಿ ಅಂತ ಎರಡು ವರ್ಷದಿಂದ ಪೋಷಕರ ಸಭೆಯಲ್ಲಿ ಹೇಳಿ ಹೇಳಿ ಸಾಕಾಗಿ ತಮಗೆ ಬರೆಯುತ್ತಿದ್ದೇನೆ.

ಕಳೆದ ಫೆಬ್ರವರಿಯಲ್ಲಿ ಮಗಳ ಶಾಲೆಯವರು ಪ್ರಕೃತಿ ನಡಿಗೆ ಅಂತ ಹಿರೇಬೆಣಕಲ್ ಗುಡ್ಡಕ್ಕೆ ಹೋದರು. 52 ಮಕ್ಕಳು, ಇಬ್ಬರೇ ಶಿಕ್ಷಕರು. ಮಕ್ಕಳು ನೋಡಲೇಬೇಕಾದ ಜಾಗ ಅದು. ಶಿಲಾಯುಗ ದಾಟಿ ಬಂದ ಜನ ಕಟ್ಟಿದ, ಮನೆಯಂತೆ ಕಾಣುವ ನೂರಾರು ಕಲ್ಲಿನ ಸಮಾಧಿಗಳಿವೆ, 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಆದರೆ ದಾರಿ ಪೂರಾ ಬಂಡೆ. ನೆರಳು ಕಡಿಮೆ. ಮೇಲೆ ಕೆರೆ ಇದೆ. ಸುತ್ತಲಿನ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ.

ಮಗಳ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಅಂಥ ಒಂದು ಕಲ್ಲುಮನೆಯ ಹಿಂದೆ ಕೂತು ಶೂ ಬಿಚ್ಚಿದಳು. ಮುಳ್ಳು ತೆಗೆದು ಎದ್ದು ನೋಡಿದರೆ ಯಾರೂ ಇಲ್ಲ. ಕೂಗಿದಳು, ಅತ್ತಳು. ಬಾಟಲಿಯ ನೀರು ಆಗಲೇ ಮುಗಿದಿತ್ತು. ಕುರಿ ಕಾಯುವ ಅಜ್ಜ ಒಬ್ಬರು ಅವಳ ದನಿ ಕೇಳಿ ಬಂದು, ತಮ್ಮ ಬುತ್ತಿಯ ರೊಟ್ಟಿ ಮುರಿದು ಕೊಟ್ಟು, ಕೈ ಹಿಡಿದು ಊರಿಗೆ ಇಳಿಸಿದರು. ಅವಳ ಡೈರಿಯಲ್ಲಿದ್ದ ನಂಬರಿಗೆ ಫೋನ್ ಮಾಡಿಸಿದ್ದೂ ಅವರೇ. ಶಾಲೆಯ ಬಸ್ಸು ಅಷ್ಟೊತ್ತಿಗೆ ಗಂಗಾವತಿ ಮುಟ್ಟಿತ್ತು. ನಾನು ಫೋನ್ ಮಾಡುವವರೆಗೂ ಒಂದು ಮಗು ಕಡಿಮೆ ಇದೆ ಅಂತ ಶಾಲೆಗೆ ಗೊತ್ತೇ ಇರಲಿಲ್ಲ.

ಗೊತ್ತೇ ಇರಲಿಲ್ಲ! ಬಸ್ಸು ಹತ್ತಿಸುವಾಗ 52 ತಲೆ ಎಣಿಸಲು ಎಷ್ಟು ಹೊತ್ತು ಬೇಕು? ಮಗಳು ಇವತ್ತಿಗೂ ರಾತ್ರಿ ಬೆಚ್ಚಿ ಏಳುತ್ತಾಳೆ.

ಪ್ರವಾಸದ ನಿಯಮಗಳು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಅವನ್ನು ಯಾಕೆ ಪಾಲಿಸಲಿಲ್ಲ ಅಂತ ಕೇಳಿದರೆ ಶಾಲೆಯವರು, ಇದು ಪ್ರವಾಸ ಅಲ್ಲ, ಅರ್ಧ ದಿನದ ನಡಿಗೆ ಅಷ್ಟೇ ಅಂದರು. ಬಂಡೆಗೆ, ಹಾವಿಗೆ, ಬಿಸಿಲಿಗೆ ಆ ವ್ಯತ್ಯಾಸ ತಿಳಿಯುತ್ತದಾ? 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ಮುಳುಗಿದರು. ಆ ಸುದ್ದಿ ನೋಡಿದಾಗಿನಿಂದ ನನ್ನ ಎದೆ ಇನ್ನೂ ಜಾಸ್ತಿ ಹೊಡೆದುಕೊಳ್ಳುತ್ತದೆ.

ದಯವಿಟ್ಟು ಲಿಖಿತ ಆದೇಶ ಹೊರಡಿಸಿ. ಅರ್ಧ ದಿನದ ನಡಿಗೆಗೂ ಅದು ಅನ್ವಯಿಸಲಿ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಇರಲಿ, ಒಬ್ಬರು ಎಲ್ಲರಿಗಿಂತ ಹಿಂದೆ ನಡೆಯಲಿ. ನಿಂತ ಕಡೆಯಲ್ಲೆಲ್ಲ ಎಣಿಸಲಿ. ಬಿಸಿಲು ಏರುವ ಮುಂಚೆ ಇಳಿಸಲಿ. ದಾರಿ ಬಲ್ಲ ಊರಿನವರೊಬ್ಬರನ್ನು ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯಲಿ. ಹಾವು ಕಚ್ಚಿದರೆ ಗಾಯ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಕಾಲು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ಇಷ್ಟಾದರೂ ಶಿಕ್ಷಕರಿಗೆ ಗೊತ್ತಿರಬೇಕು ಅಲ್ವಾ?

ನಡಿಗೆಯನ್ನೇ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಶಾಲೆಯವರು ಈಗ ಹಾಗೇ ಮಾಡಿದ್ದಾರೆ, ಮಕ್ಕಳನ್ನು ಗೇಟಿನ ಹೊರಗೆ ಬಿಡುತ್ತಿಲ್ಲ. ಅದು ತಪ್ಪು. ಮಕ್ಕಳು ಗುಡ್ಡ ಹತ್ತಬೇಕು, ಹಕ್ಕಿ ನೋಡಬೇಕು. ಆದರೆ ಎಣಿಸಿ ಹತ್ತಿಸಿ, ಎಣಿಸಿ ಇಳಿಸಿ. ಆ ಆದೇಶ ಈ ಬೇಸಿಗೆಯೊಳಗೆ ಬರಲಿ.

ಗಂಗಾವತಿಯ ಒಬ್ಬ ತಾಯಿ