ಕಾರಿನ ಬಾಗಿಲಿಗೂ ಒಂದು ನಂಬರ್ ಕೊಡಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮ ಭಾವನವರ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿದ್ದೆವು. ಯಜಮಾನರು ನೀರಿಗೆ ಇಳಿಯುವ ಮುಂಚೆ ಕಾರಿನ ಡಿಕ್ಕಿ ತೆಗೆದರು. ಅಂಗಿ ಬಿಚ್ಚಿ, ಮಡಿಸಿ, ಬ್ಯಾಗಿಗೆ ಹಾಕಿ ಡಿಕ್ಕಿ ಮುಚ್ಚಿದರು. ಕೀ ಅಂಗಿಯ ಜೇಬಿನಲ್ಲೇ ಇತ್ತು. ಬಾಗಿಲುಗಳನ್ನು ಅದಕ್ಕೂ ಮೊದಲೇ ಲಾಕ್ ಮಾಡಿದ್ದರು. ಅವರ ಫೋನು ಅದೇ ಬ್ಯಾಗಿನಲ್ಲಿ. ನನ್ನ ಪರ್ಸು, ಫೋನು, ತಿಂಡಿ ಡಬ್ಬಿ, ಮನೆ ಬೀಗದ ಕೈ ಎಲ್ಲವೂ ಹಿಂದಿನ ಸೀಟಿನ ಮೇಲೆ. ಗಾಜಿನ ಆಚೆ ಎಲ್ಲ ಕಾಣುತ್ತಿತ್ತು, ಯಾವುದೂ ಕೈಗೆ ಸಿಗುತ್ತಿರಲಿಲ್ಲ.

ಆಗ ಹನ್ನೊಂದೂವರೆ ಗಂಟೆ. ಯಜಮಾನರಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಮಾತ್ರೆ ನುಂಗಿದ್ದರು, ಕಾರ್ಯ ಮುಗಿಯುವ ತನಕ ಏನೂ ತಿನ್ನುವುದಿಲ್ಲ ಎಂದು ಹಟ ಹಿಡಿದಿದ್ದರು. ಒದ್ದೆ ಪಂಚೆಯಲ್ಲಿ ನಿಂತವರ ಕೈ ನಡುಗತೊಡಗಿತು. ಮೊದಲು ಚಳಿ ಅಂದುಕೊಂಡೆ. ಆಮೇಲೆ ಹಣೆ ಮೇಲೆ ಬೆವರು ಕಂಡಿತು. ಸಕ್ಕರೆ ಇಳಿದಿದೆ ಎಂದು ಗೊತ್ತಾಗಿ ನನ್ನ ಎದೆ ಧಸಕ್ಕೆಂದಿತು. ರಸ್ತೆ ಬದಿಯ ಕಬ್ಬಿನ ಹಾಲಿನವರು ದುಡ್ಡು ಕೇಳದೆ ಎರಡು ಲೋಟ ಕೊಟ್ಟರು. ಆ ಪುಣ್ಯಾತ್ಮರ ಹೆಸರು ಕೇಳುವುದನ್ನೂ ಮರೆತೆ. ಅವರು ಈ ಪತ್ರ ಓದಿದರೆ ನನ್ನ ನಮಸ್ಕಾರ ತಲುಪಲಿ.

ಪುರೋಹಿತರ ಫೋನಿನಿಂದ ಸಹಾಯವಾಣಿಗೆ ಕರೆ ಮಾಡಿದರೆ ಎರಡು ಗಂಟೆ ಕಾಯಿರಿ ಅಂದರು. ಇನ್ನೊಂದು ಕೀ ಮಂಡ್ಯದ ಮನೆಯ ಬೀರುವಿನಲ್ಲಿತ್ತು. ಆ ಮನೆಯ ಬೀಗದ ಕೈ ಕಾರಿನೊಳಗೆ! ಕೊನೆಗೆ ಒಬ್ಬ ಮೆಕ್ಯಾನಿಕ್ ಬಂದು, ಬಾಗಿಲ ಸಂದಿಗೆ ಮರದ ಬೆಣೆ ತೂರಿಸಿ, ಕಂಬಿ ಬಿಟ್ಟು ಲಾಕ್ ಎಳೆದರು. ರಬ್ಬರ್ ಹರಿಯಿತು, ಬಣ್ಣ ಕೆತ್ತಿಹೋಯಿತು. ಅವರದೇನೂ ತಪ್ಪಿಲ್ಲ, ಬೇರೆ ದಾರಿ ಇರಲಿಲ್ಲ.

ಈ ಗೋಳಿಗೆ ಪರಿಹಾರ ಇದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕೈಯಾರೆ ಬಳಸಿದ್ದೇನೆ. 2022ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳು ಇದ್ದೆ. ಅವಳದು ಫೋರ್ಡ್ ಎಕ್ಸ್‌ಪ್ಲೋರರ್. ಡ್ರೈವರ್ ಬಾಗಿಲ ಪಕ್ಕದ ಕಪ್ಪು ಪಟ್ಟಿಯನ್ನು ಮುಟ್ಟಿದರೆ ಅಂಕಿಗಳು ಬೆಳಗುತ್ತವೆ. ಐದು ಗುಂಡಿ, ಒಂದೊಂದಕ್ಕೂ ಎರಡೆರಡು ಅಂಕಿ: 1-2, 3-4, 5-6, 7-8, 9-0. ಐದು ಅಂಕಿಯ ಕೋಡ್ ಒತ್ತಿದರೆ ಡ್ರೈವರ್ ಬಾಗಿಲು ತೆರೆಯುತ್ತದೆ. ಐದು ಸೆಕೆಂಡಿನೊಳಗೆ 3-4 ಒತ್ತಿದರೆ ಉಳಿದ ಬಾಗಿಲುಗಳು, 5-6 ಒತ್ತಿದರೆ ಡಿಕ್ಕಿ. ಲಾಕ್ ಮಾಡಲು ಕೋಡ್ ಕೂಡ ಬೇಡ, 7-8 ಮತ್ತು 9-0 ಎರಡನ್ನೂ ಒಟ್ಟಿಗೆ ಒತ್ತಿದರೆ ಸಾಕು. ಮಗಳು ಕೆರೆಗೆ ಈಜಲು ಹೋಗುವಾಗ ಕೈಯಲ್ಲಿ ಏನನ್ನೂ ಹಿಡಿಯುತ್ತಿರಲಿಲ್ಲ. ಆರು ವರ್ಷದ ಮೊಮ್ಮಗ ಕೂಡ ಬಾಗಿಲು ತೆಗೆದು ನೀರಿನ ಬಾಟಲ್ ತರುತ್ತಿದ್ದ.

ಫೋರ್ಡ್ ಇದನ್ನು ಥಂಡರ್‌ಬರ್ಡ್, ಲಿಂಕನ್ ಕಾರುಗಳಲ್ಲಿ ತಂದಿದ್ದು 1980ರಲ್ಲಿ. ಆಗ ನಾನು ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಈಗ ಕೆಲಸದಿಂದ ನಿವೃತ್ತಿಯೂ ಆಯಿತು. ಇಷ್ಟು ಹಳೆಯ ಅನುಕೂಲ ನಮ್ಮ ಕಡೆ ನಾನು ಕಂಡ ಒಂದು ಕಾರಿನಲ್ಲೂ ಇಲ್ಲ. ಫೋರ್ಡ್ ನಮ್ಮಲ್ಲಿ ಕಾರು ತಯಾರಿಸಿ ಮಾರುವುದನ್ನು ನಿಲ್ಲಿಸುತ್ತೇನೆಂದು 2021ರಲ್ಲೇ ಹೇಳಿತು, ಅವರನ್ನು ಕೇಳಿ ಫಲವಿಲ್ಲ. ಹಾಗಾಗಿ ಇಲ್ಲಿ ಕಾರು ಮಾರುತ್ತಿರುವ ಉಳಿದ ಕಂಪನಿಗಳನ್ನು ಕೇಳುತ್ತಿದ್ದೇನೆ. ಸನ್‌ರೂಫ್ ಕೊಡುತ್ತೀರಿ, ಬಣ್ಣ ಬದಲಿಸುವ ದೀಪ ಕೊಡುತ್ತೀರಿ. ಬಾಗಿಲಿಗೆ ಐದು ಗುಂಡಿ ಕೊಡಿ. ಕಾರಿನ ವಿನ್ಯಾಸವನ್ನೇ ಬದಲಿಸಬೇಕೆಂದೂ ಇಲ್ಲ. ಅಮೆರಿಕದಲ್ಲಿ ಬಾಗಿಲಿಗೆ ಹೊರಗಿನಿಂದ ಅಂಟಿಸುವ, ವೈರ್ ಇಲ್ಲದ ಕೀಪ್ಯಾಡನ್ನೂ (ಇಂಥದೇ ಗುಂಡಿಗಳ ಪಟ್ಟಿ) ಫೋರ್ಡ್ ಕಂಪನಿಯೇ ಬಿಡಿಯಾಗಿ ಮಾರುತ್ತದೆ.

ಕಳ್ಳರಿಗೆ ಅನುಕೂಲ ಅಲ್ವಾ ಎಂದು ನನ್ನ ತಮ್ಮ ಕೇಳಿದ. ಗಣಿತ ಕಲಿಸಿದವಳು ನಾನು, ಲೆಕ್ಕ ಹಾಕಿಯೇ ಹೇಳಿದೆ. ಐದು ಗುಂಡಿ, ಐದು ಸಲ ಒತ್ತುವುದು. 5×5×5×5×5, ಅಂದರೆ ಒಟ್ಟು 3125 ಕೋಡ್. ಎ.ಟಿ.ಎಂ. ಪಿನ್ನಿಗಿರುವ ಹತ್ತು ಸಾವಿರಕ್ಕಿಂತ ಕಮ್ಮಿ, ನಿಜ. ಆದರೆ ಏಳು ಸಲ ತಪ್ಪು ಕೋಡ್ ಒತ್ತಿದರೆ ಕೀಪ್ಯಾಡ್ ಒಂದು ನಿಮಿಷ ಕೆಲಸ ಮಾಡುವುದಿಲ್ಲ. ಒಂದೊಂದೇ ಕೋಡ್ ಒತ್ತುತ್ತ ಕೊನೆಯವರೆಗೆ ಹೋಗುವವನಿಗೆ ಬರೀ ಕಾಯುವುದಕ್ಕೇ ಏಳು ಗಂಟೆ ದಾಟುತ್ತದೆ. ಹಗಲು ಹೊತ್ತು ನದಿ ದಂಡೆಯಲ್ಲಿ ಅಷ್ಟು ಹೊತ್ತು ಯಾರು ನಿಲ್ಲುತ್ತಾರೆ? ಬಾಗಿಲು ತೆರೆದರೂ ಆ ಕೋಡಿನಿಂದ ಎಂಜಿನ್ ಚಾಲೂ ಆಗುವುದಿಲ್ಲ. ಬೆಲೆಬಾಳುವುದನ್ನು ಸೀಟಿನ ಮೇಲೆ ಇಡಬಾರದು, ಅದು ಈಗಲೂ ಇರುವ ಮಾತೇ.

ಎಚ್ಚರ ಬೇಡವೆಂದಲ್ಲ. ಹುಟ್ಟಿದ ದಿನವನ್ನು ಕೋಡ್ ಮಾಡಬಾರದು. ಒತ್ತಿ ಒತ್ತಿ ಗುಂಡಿ ಸವೆದರೆ ಅಂಕಿ ಬಯಲಾಗುತ್ತದೆ, ಆಗಾಗ ಬದಲಿಸಬೇಕು. ಕಾರ್ಖಾನೆಯವರು ಕೊಟ್ಟ ಕೋಡಿನ ಕಾರ್ಡನ್ನು ಕಾರಿನಲ್ಲಿ ಇಡದೆ ಮನೆಯಲ್ಲಿ ಇಡಬೇಕು, ನಮ್ಮದೇ ಕೋಡ್ ಹಾಕಿಕೊಳ್ಳಲು ಮೊದಲು ಅದೇ ಬೇಕು. ಕಾರಿನ ಬ್ಯಾಟರಿ ಪೂರ್ತಿ ಇಳಿದಿದ್ದರೆ ಕೀಪ್ಯಾಡೂ ನಡೆಯದು.

ಈಗ ಮೊಬೈಲ್ ಆ್ಯಪ್‌ನಲ್ಲೇ ಬಾಗಿಲು ತೆಗೆಯಬಹುದಲ್ಲ ಎನ್ನುವವರಿದ್ದಾರೆ. ಅವತ್ತು ನಮ್ಮ ಎರಡು ಮೊಬೈಲೂ ಕಾರಿನೊಳಗೇ ಇದ್ದವು. ನಿಮಿಷಾಂಬ, ಸಂಗಮ, ಪಶ್ಚಿಮವಾಹಿನಿ, ಬಲಮುರಿ, ಎಲ್ಲಿ ನೋಡಿದರೂ ಜನ ಕೀ, ಫೋನು, ಪರ್ಸುಗಳನ್ನು ದಂಡೆಯಲ್ಲಿ ಕೂತ ಗುರುತಿಲ್ಲದವರ ಕೈಗೆ ಕೊಟ್ಟು ನೀರಿಗೆ ಇಳಿಯುತ್ತಾರೆ. ಇಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ರಿಮೋಟ್ ಹಾಳು ಮಾಡಿಕೊಳ್ಳುತ್ತಾರೆ. ನಮ್ಮ ಊರುಗಳಲ್ಲಿ ಬಾವಿ ಪಂಪಿನ ಮನೆಗೆ ನಂಬರ್ ಲಾಕ್ ಹಾಕುವ ರೈತರಿದ್ದಾರೆ. ಕೆಸರು ಗದ್ದೆಯಲ್ಲಿ ಕೀ ಬಿದ್ದರೆ ಹುಡುಕುವವರು ಯಾರು ಎಂಬುದು ಅವರಿಗೆ ಗೊತ್ತು. ಕಾರು ಕಂಪನಿಯವರು ಒಂದು ಭಾನುವಾರ ಈ ಘಾಟುಗಳಿಗೆ ಬಂದು ನೋಡಲಿ ಎಂದು ನಿಜವಾಗಿಯೂ ಕೇಳಿಕೊಳ್ಳುತ್ತೇನೆ.

ಅಲ್ಲಿಯತನಕ ನಾವು ಮಾಡಿರುವುದನ್ನು ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಕೀ ಮಾಡುವವರ ಹತ್ತಿರ ಚಿಪ್ ಇಲ್ಲದ ಬರೀ ಲೋಹದ ಕೀ ಮಾಡಿಸಿದ್ದೇವೆ. ಅದರಿಂದ ಗಾಡಿ ಚಾಲೂ ಆಗುವುದಿಲ್ಲ, ಬಾಗಿಲು ಮಾತ್ರ ತೆರೆಯುತ್ತದೆ, ನೀರಿಗೆ ಬಿದ್ದರೂ ಕೆಡುವುದಿಲ್ಲ. ಮನೆಯ ಇನ್ನೊಂದು ಬೀಗದ ಕೈಯನ್ನು ಎದುರು ಮನೆಯವರಿಗೆ ಕೊಟ್ಟಿದ್ದೇವೆ. ಮುಂದಿನ ವಾರ ಭಾವನವರ ತಿಂಗಳ ಕಾರ್ಯಕ್ಕೆ ಮತ್ತೆ ಪಶ್ಚಿಮವಾಹಿನಿಗೆ ಹೋಗಬೇಕು. ಯಜಮಾನರು ಆ ಲೋಹದ ಕೀಯನ್ನು ಈಗಲೇ ಉಡಿದಾರಕ್ಕೆ ಕಟ್ಟಿಕೊಂಡಿದ್ದಾರೆ.

– ನಿವೃತ್ತ ಗಣಿತ ಶಿಕ್ಷಕಿ, ಮಂಡ್ಯ